ಉಪ್ಪು ಬಿಟ್ಟ ಬೇಸಿಗೆ

ಗೋಗಿ ರಸ್ತೆಯ ಆ ಕಂಬದ ಬುಡದಲ್ಲಿ ಸೇಫ್ಟಿ ಬೆಲ್ಟು ಕಟ್ಟಿಕೊಳ್ಳಲು ನಿಂತಾಗ ಬೆಳಗಿನ ಹತ್ತು ಗಂಟೆ. ಲೈನ್ ಬಂದ್ ಆಗಿತ್ತು, ಏಣಿ ಹಚ್ಚಿ ಆಗಿತ್ತು. ಬೆಲ್ಟಿನ ಕೊಕ್ಕೆ ಮಾತ್ರ ಕೊನೆಯ ತೂತಿಗೆ ಬರಲಿಲ್ಲ. ಉಸಿರು ಒಳಗೆಳೆದು ಇನ್ನೊಮ್ಮೆ ನೋಡಿದೆ. ಎರಡು ಬೆರಳಷ್ಟು ಕಡಿಮೆ ಬಿತ್ತು.

ಏಣಿ ಹಿಡಿದಿದ್ದ ನಮ್ಮ ಮೇಸ್ತ್ರಿ ಕಾಕಾ ನೋಡಿಯೇಬಿಟ್ಟರು. "ಏನೋ ತಮ್ಮ, ಬೆಲ್ಟು ಸಣ್ಣದಾತೋ, ನೀ ದೊಡ್ಡಾಂವ ಆದ್ಯೋ?"

ಜೊತೆಗಿದ್ದ ಇಬ್ಬರು ನಕ್ಕರು. ನಾನೂ ನಕ್ಕೆ. ಎಲ್ಲರೂ ನಗುವಾಗ ನಗಬೇಕು ಅನ್ನುವುದನ್ನು ಅಷ್ಟರಲ್ಲಿ ರೂಢಿ ಮಾಡಿಕೊಂಡಿದ್ದೆ. ಒಳಗೆ ಏನೂ ಆಗಲಿಲ್ಲ. ನಾಚಿಕೆ ಆಗಬೇಕಿತ್ತು ಅಂತ ಗೊತ್ತಿತ್ತು, ಆಗಲಿಲ್ಲ. ಅವತ್ತು ಕಾಕಾನೇ ಏರಿದರು. ನಿವೃತ್ತಿಗೆ ನಾಲ್ಕು ವರ್ಷ ಉಳಿದಿದ್ದ ಮನುಷ್ಯ ಮೇಲೆ, ಮೂವತ್ತಾರರ ನಾನು ಕೆಳಗೆ ಏಣಿ ಹಿಡಿದು ನಿಂತೆ.

ನಾನು ಶಹಾಪುರ ಭಾಗದ ಲೈನ್‌ಮನ್. ಹಿಂದಿನ ವರ್ಷ ನನಗೆ ಹನ್ನೊಂದು ದಿನ ನಿದ್ದೆ ಬಂದಿರಲಿಲ್ಲ, ಬೇಕು ಅಂತಲೂ ಅನಿಸಿರಲಿಲ್ಲ. ಹತ್ತಿಕುಣಿ ಡ್ಯಾಮಿನ ಕಟ್ಟೆಯ ಮೇಲೆ ನಿಂತು, ನೀರು ನೋಡಲು ಬಂದ ಮಂದಿಗೆಲ್ಲ, ಈ ನೀರಿನಿಂದ ಮೂರು ತಾಲ್ಲೂಕಿಗೆ ಪುಕ್ಕಟೆ ಕರೆಂಟ್ ಕೊಡುತ್ತೇನೆ ಅಂತ ಭಾಷಣ ಮಾಡಿದ್ದೆ. ನನ್ನ ಹೆಂಡತಿ ಮತ್ತು ಅವಳ ಅಣ್ಣ ಬಂದು, ಪುಸಲಾಯಿಸಿ ಗಾಡಿ ಹತ್ತಿಸಿ, ಯಾದಗಿರಿಯ ಒಂದು ಆಸ್ಪತ್ರೆಗೆ ಸೇರಿಸಿದರು. ಮೂರು ವಾರ ಅಲ್ಲಿದ್ದೆ. ಬೈಪೋಲಾರ್ ಕಾಯಿಲೆ ಅಂದರು ಡಾಕ್ಟರು. ಮನಸ್ಸು ಕೆಲವು ಸಲ ಮಿತಿ ಮೀರಿ ಏರುತ್ತದೆ, ಕೆಲವು ಸಲ ತಳ ಮುಟ್ಟುತ್ತದೆ, ಗುಳಿಗೆ ಮಾತ್ರ ಬಿಡಬಾರದು ಅಂದರು. ಎರಡು ಹೊತ್ತು ಲಿಥಿಯಂ, ರಾತ್ರಿ ಮಲಗುವಾಗ ಒಲಾಂಜಪಿನ್. ಆಫೀಸಿಗೆ ಕಾಮಣಿ, ಅಂದರೆ ಕಾಮಾಲೆ, ಆಗಿತ್ತು ಅಂತ ಹೇಳಿದೆವು. ಕಾಮಣಿಯಾದವನಿಗೆ ಮೈಯಲ್ಲಿ ಶಕ್ತಿ ಇರುವುದಿಲ್ಲ ಅಂತ ಅವರೇ ಆರು ತಿಂಗಳು ನನ್ನನ್ನು ಕಂಬ ಏರಿಸಲಿಲ್ಲ.

ಗುಳಿಗೆ ತಮ್ಮ ಕೆಲಸ ಮಾಡಿದವು. ನಿದ್ದೆ ಬಂತು, ತಲೆಯೊಳಗಿನ ಗದ್ದಲ ನಿಂತಿತು. ಅದರ ಹಿಂದೆಯೇ ಹಸಿವು ಶುರುವಾಯಿತು. ಅಂಥ ಹಸಿವನ್ನು ನಾನು ಮೊದಲು ಕಂಡಿರಲಿಲ್ಲ. ಮೂರು ರೊಟ್ಟಿ ಉಂಡು ಕೈ ತೊಳೆದು ಬಂದರೆ, ಉಂಡಿದ್ದು ಬೇರೆ ಯಾರೋ ಅನ್ನುವಂತೆ ಹೊಟ್ಟೆ ಮತ್ತೆ ಕೇಳುತ್ತಿತ್ತು. ನಿಂತೇ ಎರಡು ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಿದ್ದೆ. ಕೆಲಸದ ಮೇಲೆ ಹೋದಲ್ಲೆಲ್ಲ ಮಿರ್ಚಿ ಮಂಡಾಳು. ರುಚಿ ಏನೂ ತಿಳಿಯುತ್ತಿರಲಿಲ್ಲ, ಬಾಯಿ ನಡೆಯುತ್ತಿತ್ತು. ಹದಿನಾಲ್ಕು ತಿಂಗಳಲ್ಲಿ ಅರವತ್ತೆರಡು ಕಿಲೋದಿಂದ ಎಂಬತ್ತಾರಕ್ಕೆ ಬಂದೆ.

ಈ ಲೆಕ್ಕ ಇಟ್ಟವಳು ಹೆಂಡತಿ. ಅವಳು ಅಂಗನವಾಡಿ ಕಾರ್ಯಕರ್ತೆ. ತಿಂಗಳಿಗೊಮ್ಮೆ ಕೂಸುಗಳನ್ನು ತೂಗಿ, ಚಾರ್ಟಿನಲ್ಲಿ ಚುಕ್ಕಿ ಇಟ್ಟು, ಚುಕ್ಕಿಗಳನ್ನು ಗೆರೆಯಿಂದ ಕೂಡಿಸುವುದು ಅವಳ ಕೆಲಸ. ಮನೆಯಲ್ಲೂ ಒಂದು ವಹಿಯಲ್ಲಿ ನನ್ನ ಚುಕ್ಕಿ ಇಡುತ್ತಿದ್ದಳು. "ಅಲ್ಲಿ ಕೂಸಗೋಳ ತೂಕ ಏರವಲ್ದು, ಮನ್ಯಾಗ ನಿಮ್ದು ಇಳೀವಲ್ದು," ಅಂದಳು ಒಂದು ದಿನ. ನಗಿಸಲು ಅಂದಿದ್ದಳು. ನಾನು ಹೌದು ಅಂದೆ.

ಬೆಲ್ಟಿನ ಸುದ್ದಿ ಸೆಕ್ಷನ್ ಆಫೀಸರರ ತನಕ ಹೋಯಿತು. ಅವರು ಕೆಟ್ಟ ಮನುಷ್ಯರಲ್ಲ. ಕೂಡಿಸಿ ಚಹಾ ತರಿಸಿ ಹೇಳಿದರು.

"ನೋಡ್ರಿ, ಸೆಕ್ಷನ್ನಿನ್ಯಾಗ ಇರೋದೇ ಮಂದಿ ಕಡಿಮಿ. ಕಂಬ ಏರಲಾರದ ಲೈನ್‌ಮನ್ ತಗೊಂಡು ನಾ ಏನ್ ಮಾಡ್ಲಿ? ಮೂರು ತಿಂಗಳು ನೋಡ್ತೀನಿ. ಮೈ ಇಳಿಸ್ರಿ. ಆಗಲಿಲ್ಲಂದ್ರ ಸ್ಟೋರಿಗೆ ಹಾಕ್ರಿ ಅಂತ ಮ್ಯಾಲಿನವರಿಗೆ ಬರಿತೀನಿ."

"ಆಗ್ಲಿ ಸರ್," ಅಂದೆ.

ಹನ್ನೆರಡು ವರ್ಷ ಕಂಬದ ಮೇಲೆ ಕೆಲಸ ಮಾಡಿದವನು ಕೋಣೆಯಲ್ಲಿ ಕೂತು ನಟ್ಟು ಬೋಲ್ಟು ಎಣಿಸುವುದು. ಅದರ ಬಗ್ಗೆ ದುಃಖ ಅನಿಸುತ್ತದಾ ಅಂತ ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ. ಅನಿಸಲಿಲ್ಲ. ಅನಿಸದಿದ್ದರೂ ಮಾಡಬೇಕಾದ್ದನ್ನು ಮಾಡಬಹುದು ಅಂದುಕೊಂಡು ಮರುದಿನದಿಂದಲೇ ಶುರು ಮಾಡಿದೆ.

ಡಾಕ್ಟರನ್ನು ಕೇಳಲಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಒಬ್ಬ ಹೇಳಿದ, ಉಪ್ಪು ಬಿಟ್ಟರೆ ಮೈಯೊಳಗಿನ ನೀರು ಇಳಿದು ಮೊದಲ ವಾರವೇ ಮೂರು ಕಿಲೋ ಹೋಗುತ್ತದೆ ಅಂತ. ಇನ್ನೊಬ್ಬ ಹೇಳಿದ, ಬೆವರು ಬಂದಷ್ಟೂ ಒಳ್ಳೆಯದು ಅಂತ. ನಾನು ಎರಡನ್ನೂ ಮಾಡಿದೆ. ಬೆಳಿಗ್ಗೆ ಐದೂವರೆಗೆ ಎದ್ದು, ಮೈಗೆ ರೇನ್‌ಕೋಟ್ ಹಾಕಿಕೊಂಡು, ಮಲಗಿದ ಬುದ್ಧನ ಗುಡ್ಡದ ಕಡೆ ಜೋರಾಗಿ ನಡೆದು ಬರುತ್ತಿದ್ದೆ. ಸಂಜೆ ಡ್ಯೂಟಿ ಮುಗಿಸಿ ಇನ್ನೊಂದು ಸುತ್ತು. ಯುಗಾದಿ ದಾಟಿ ಬಿಸಿಲು ಏರಿದ್ದ ದಿನಗಳು. ಕೋಟು ಬಿಚ್ಚಿದರೆ ನೀರು ಸುರಿಯುತ್ತಿತ್ತು. ಊಟಕ್ಕೆ ಒಂದು ರೊಟ್ಟಿ, ಉಪ್ಪಿಲ್ಲದ ಪುಂಡಿಪಲ್ಲೆ. ರಾತ್ರಿ ಬರೀ ಒಂದು ಸೌತೆಕಾಯಿ. ನೀರು ಕುಡಿದರೆ ತೂಕ ಕಾಣುತ್ತದೆ ಅಂತ ತೂಗುವ ಹಿಂದಿನ ದಿನ ನೀರನ್ನೂ ಹಿಡಿದಿಡುತ್ತಿದ್ದೆ. ಮೂರನೇ ವಾರಕ್ಕೆ ಮೊಣಕಾಲು ಬಾತವು. ಮೆಡಿಕಲ್ ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನಕ್ಕೆ ಎರಡು ನುಂಗುತ್ತ ನಡೆದೆ.

ನನ್ನನ್ನು ನೋಡುತ್ತಿದ್ದ ಯಾದಗಿರಿಯ ಮನೋವೈದ್ಯರು ನಮ್ಮ ತಾಲ್ಲೂಕು ಆಸ್ಪತ್ರೆಗೆ ಬರುವುದು ಕೆಲವು ಮಂಗಳವಾರ ಮಾತ್ರ. ಉದ್ದನೆ ಸಾಲು. ನನ್ನ ಪಾಳಿ ಬಂದಾಗ "ನಿದ್ದಿ ಬರತದ? ಗುಳಿಗಿ ತಪ್ಪಿಸಿಲ್ಲ?" ಅಂದರು. "ಬರತದ್ರಿ, ತಪ್ಪಿಸಿಲ್ರಿ," ಅಂದೆ. ಎರಡೂ ನಿಜ. ಚೀಟಿ ಬರೆದುಕೊಟ್ಟರು, ಬಂದೆ.

ಐದು ವಾರಕ್ಕೆ ಎಪ್ಪತ್ತೊಂಬತ್ತು. ಬೆಲ್ಟಿನ ಕೊಕ್ಕೆ ಕೂತಿತು. ಆಫೀಸರು ಬೆನ್ನು ತಟ್ಟಿದರು. ಕಾಕಾ "ಭಲೇ ತಮ್ಮ" ಅಂದರು. ಹೆಂಡತಿ ಮಾತ್ರ ಗೆರೆ ನೋಡಿ ವಹಿ ಮುಚ್ಚಿಟ್ಟಳು. ಅಂಗನವಾಡಿಯಲ್ಲಿ ಇಷ್ಟು ಚೂಪಾಗಿ ಇಳಿದ ಗೆರೆ ಕಂಡರೆ ಕೂಸನ್ನು ಆಸ್ಪತ್ರೆಗೆ ಕಳಿಸಬೇಕು ಅಂತ ಅವಳಿಗೆ ಗೊತ್ತಿತ್ತು. ಆಮೇಲೆ ಹೇಳಿದಳು.

ಲಿಥಿಯಂ ಶುರುವಾದಾಗಿನಿಂದ ನನ್ನ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಯಾರಿಗೂ ಕಾಣದಷ್ಟು. ಈಗ ಅದು ಮಣಿಕಟ್ಟಿನಿಂದ ಬರತೊಡಗಿತು. ಬಶಿಯಲ್ಲಿ ಹಾಕಿದ ಚಹಾ ಅಂಗಿ ಮೇಲೆ ಬಿತ್ತು. ಹೊಟ್ಟೆ ಕೆಟ್ಟಿತು, ಎರಡು ಸಲ ವಾಂತಿಯಾಯಿತು. ಬಿಸಿಲಿಗೆ ಹೀಗಾಗಿದೆ ಅಂದುಕೊಂಡೆ. ಹೆಂಡತಿ ಗುಳಿಗೆಯ ಪಟ್ಟಿ ತೆಗೆದು ಖಾಲಿ ಮನೆಗಳನ್ನು ಎಣಿಸಿದಳು. ಸರಿಯಾಗಿತ್ತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಆ ವಾರ ಬಿರುಗಾಳಿಗೆ ಸುರಪುರ ಕಡೆ ಸುಮಾರು ಕಂಬ ಬಿದ್ದವು. ಆ ಕಡೆಯ ಮಂದಿ ಸಾಲದೆ ನಮ್ಮನ್ನು ಕರೆದರು. ಕಾಕಾ, ನಾನು, ಇನ್ನಿಬ್ಬರು ಬೋನಾಳಕ್ಕೆ ಹೋದೆವು. ಕೆರೆ ದಂಡೆಯ ಹೊಲದಲ್ಲಿ ಹನ್ನೊಂದು ಕೆವಿ ಲೈನಿನ ಒಂದು ಇನ್ಸುಲೇಟರ್ ಒಡೆದು ತಂತಿ ಜೋತಾಡುತ್ತಿತ್ತು. ಮೇಲೆ ಏರಿ ಹೊಸದು ಕೂಡಿಸಿ ತಂತಿ ಕಟ್ಟಬೇಕು. ನಾನು ಏರುವುದು ಅಂತಾಯಿತು. ಮೈ ಇಳಿಸಿದ್ದೇನಲ್ಲ.

ನಮ್ಮ ಕೆಲಸಕ್ಕೆ ಒಂದು ಕ್ರಮ ಇದೆ. ಮೊದಲು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಕ್ಲಿಯರ್ ಕೇಳಬೇಕು. ಅಲ್ಲಿಯ ಆಪರೇಟರ್ ಫೀಡರ್ ಬಂದ್ ಮಾಡಿ, ಬುಕ್ಕಿನಲ್ಲಿ ಹೆಸರು ಬರೆದು, ಒಂದು ನಂಬರ್ ಹೇಳುತ್ತಾರೆ. ಯಾರ ಹೆಸರಿಗೆ ಕೊಟ್ಟರೋ ಅವರೇ ವಾಪಸ್ ಕೊಡುವ ತನಕ ಆ ಲೈನಿಗೆ ಕರೆಂಟ್ ಬಿಡುವ ಹಾಗಿಲ್ಲ. ಆಮೇಲೆ ಹತ್ತಿರದ ಸ್ವಿಚ್ ತೆರೆದು, ಉದ್ದ ಕೋಲಿನ ತುದಿಯ ಅರ್ಥಿಂಗ್ ಕೊಕ್ಕೆಯನ್ನು ಮೂರೂ ತಂತಿಗೆ ಸಿಕ್ಕಿಸಬೇಕು. ಎಲ್ಲೋ ತಪ್ಪಿ ಕರೆಂಟ್ ಬಂದರೂ ಅದು ಭೂಮಿಗೆ ಹೋಗಲಿ ಅಂತ. ಅದಾದ ಮೇಲೆಯೇ ಏಣಿ.

ಆ ಸ್ಟೇಷನ್ನಿನ ಆಪರೇಟರ್ ಒಬ್ಬ ಹೆಣ್ಣುಮಗಳು. ನನ್ನ ಹೆಸರಿಗೆ ಲೈನ್ ಕ್ಲಿಯರ್ ಕೊಟ್ಟು ನಂಬರ್ ಹೇಳಿದರು. ತಿರುಗಿ ಹೇಳು ಅಂದರು. ಹೇಳಿದೆ. "ಸಾಫ್ ಕೇಳವಲ್ದು, ಇನ್ನೊಮ್ಮೆ ಹೇಳ್ರಿ ಅಣ್ಣಾರ," ಅಂದರು. ಇನ್ನೊಮ್ಮೆ ಹೇಳಿದೆ. ನನ್ನ ನಾಲಿಗೆ ದಪ್ಪಗಾಗಿದೆ ಅಂತ ನನಗೆ ಆಗ ತಿಳಿಯಿತು.

ಅರ್ಥಿಂಗ್ ಕೋಲು ಎತ್ತಿದೆ. ಮೊದಲ ತಂತಿಗೆ ಕೊಕ್ಕೆ ಬೀಳಲಿಲ್ಲ. ಕೋಲಿನ ತುದಿ ತಂತಿಯ ಆಚೆ ಈಚೆ ಓಲಾಡುತ್ತಿತ್ತು. ಮೂರನೇ ಸಲಕ್ಕೂ ಆಗಲಿಲ್ಲ. ಕಾಕಾ ಕೋಲು ಇಸಕೊಂಡು ಮೂರನ್ನೂ ಸಿಕ್ಕಿಸಿದರು. ನಾನು ಬೆಲ್ಟು ಕಟ್ಟಿ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟೆ. ಕಾಲು ಮೆಟ್ಟಿಲಿನ ಪಕ್ಕಕ್ಕೆ ಬಿತ್ತು. ಮತ್ತೆ ಇಟ್ಟೆ.

ಆಗ ನನಗೆ ಹೆದರಿಕೆ ಆಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಹೆದರಿಕೆ ಇರಲಿಲ್ಲ, ಅದೇ ಕೆಟ್ಟದ್ದು. ಹೆದರಿಕೆ ಇದ್ದವನ ಕೈ ತಾನೇ ಹಿಂದೆ ಸರಿಯುತ್ತದೆ. ನನ್ನದು ಏರಲು ತಯಾರಿತ್ತು. ಲೆಕ್ಕ ಹಾಕುವ ಹಾಗೆ ಯೋಚನೆ ಮಾಡಿದೆ. ಕೋಲು ಹಿಡಿಯಲಾಗದ ಕೈ ಮೇಲೆ ಹೋಗಿ ತಂತಿ ಕಟ್ಟಲಾರದು. ಬಿದ್ದರೆ ನಾನು ಕಾಕಾನ ಮೇಲೆ ಬೀಳುತ್ತೇನೆ. ಏರದಿದ್ದರೆ ಸ್ಟೋರು. ಎರಡನ್ನೂ ಎದುರು ಬದುರು ಇಟ್ಟು ನೋಡಿ ಕಾಲು ತೆಗೆದೆ.

"ಕಾಕಾ, ನಾ ಏರಂಗಿಲ್ರಿ."

"ಯಾಕೋ? ಬಿಸಲ ಬಡೀತೇನು?"

"ಅಲ್ರಿ. ನನಗ ಕಾಮಣಿ ಆಗಿರಲಿಲ್ಲ. ತಲಿ ಕೆಟ್ಟು ಆಸ್ಪತ್ರಿಗೆ ಸೇರಿದ್ದೆ. ಇನ್ನಾ ಗುಳಿಗಿ ತಗೊಳ್ಳಾಕತ್ತೀನಿ. ಏನೋ ಹೆಚ್ಚು ಕಡಿಮಿ ಆಗ್ಯಾದ."

ಮೂವರೂ ನನ್ನನ್ನೇ ನೋಡಿದರು. ಕೆರೆಯ ಕಡೆಯಿಂದ ಹಕ್ಕಿಗಳ ಕೂಗು ಕೇಳುತ್ತಿತ್ತು. ಕಾಕಾ ಬಂದು ನನ್ನ ಬೆಲ್ಟಿನ ಕೊಕ್ಕೆ ತಾವೇ ಬಿಚ್ಚಿದರು.

"ಇಷ್ಟ ದಿನ ನಿನ್ನ ಕೆಳಗ ನಾ ನಿಂತೀನಿ, ನನ್ನ ಕೆಳಗ ನೀ ನಿಂತೀದಿ," ಅಂದರು. "ಮದಲ ಹೇಳಬೇಕಿಲ್ಲೇನು?"

"ಹೇಳಬೇಕಿತ್ರಿ."

"ಹಂ. ಫೋನ್ ಹಚ್ಚು. ಲೈನ್ ವಾಪಸ್ ಕೊಡು, ನನ್ನ ಹೆಸರಿಗೆ ತಗೋತೀನಿ."

ಫೋನಿನಲ್ಲಿ ನನ್ನ ಮಾತು ಕೇಳಿದ ಆಪರೇಟರ್ ವಾಪಸ್ ತೆಗೆದುಕೊಳ್ಳಲು ಒಪ್ಪಲಿಲ್ಲ. "ಅಣ್ಣಾರ, ನಿಮ್ಮ ಮಾತು ಬರೋಬ್ಬರಿ ಇಲ್ಲ. ಮೇಸ್ತ್ರಿಗೆ ಕೊಡ್ರಿ," ಅಂದರು. ಕಾಕಾ ಎಲ್ಲ ಹೇಳಿದ ಮೇಲೆಯೇ ಬುಕ್ಕಿನಲ್ಲಿ ಹೆಸರು ಬದಲಾಯಿತು. ಜೊತೆಯವನೊಬ್ಬ ನನ್ನನ್ನು ಬೈಕಿನಲ್ಲಿ ಸುರಪುರಕ್ಕೆ ಕರೆದೊಯ್ದ. ಅಲ್ಲಿಂದ ಗಾಡಿಯಲ್ಲಿ ಯಾದಗಿರಿಗೆ ಕಳಿಸಿದರು. ಭೀಮಾ ಸೇತುವೆ ದಾಟಿದ್ದು ನೆನಪಿದೆ, ಆಮೇಲಿನದು ಸರಿಯಾಗಿ ಇಲ್ಲ.

ರಕ್ತದಲ್ಲಿ ಲಿಥಿಯಂ ಒಂದು ದಾಟಬಾರದು. ನನ್ನದು ಎರಡರ ಹತ್ತಿರ ಇತ್ತು. ಲಿಥಿಯಂ ನಿಲ್ಲಿಸಿ, ಸಲೈನ್ ಹಚ್ಚಿ, ದಿನಾ ರಕ್ತ ತೆಗೆದು ನೋಡಿದರು. ಮೂರನೇ ದಿನ ನಡುಕ ಇಳಿಯಿತು. ನನ್ನನ್ನು ಮೊದಲಿಂದ ನೋಡಿದ್ದ ಡಾಕ್ಟರು ಬಂದು ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. ಏನೇನು ಮಾಡಿದೆ ಅಂತ ಕೇಳಿದರು. ರೇನ್‌ಕೋಟು, ಉಪ್ಪು, ನೋವಿನ ಗುಳಿಗೆ, ಎಲ್ಲ ಹೇಳಿದೆ.

"ಲಿಥಿಯಂ ಅಂದ್ರ ಅದೂ ಒಂಥರಾ ಉಪ್ಪೇ," ಅಂದರು. "ನೀವು ಅಡಗಿ ಉಪ್ಪು ಬಿಟ್ರಿ, ಬೆವರು ಸುರಿಸಿದ್ರಿ. ಮೈಗೆ ಉಪ್ಪು ಸಾಲಲಿಲ್ಲ. ಕಿಡ್ನಿ ಅದರ ಸಂಗಾಟ ಲಿಥಿಯಂನೂ ಹೊರಗ ಬಿಡದ ಹಿಡಕೊಂಡು ಕುಂತಿತು. ಆ ನೋವಿನ ಗುಳಿಗಿ ಮತ್ತ ಹೆಚ್ಚು ಮಾಡಿತು. ತೂಕದ ವಿಷಯ ನನಗ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರಿ," ಅಂದೆ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ತಲೆ ತಗ್ಗಿಸಿದಳು. ಡಾಕ್ಟರು ನನ್ನ ಹಳೆಯ ಚೀಟಿ ತೆಗೆದು ನೋಡಿದರು. "ಖರೇ ಅದ, ಕೇಳಲಿಲ್ಲ," ಅಂದರು. "ಗುಳಿಗಿ ಶುರು ಮಾಡಿದ ದಿನಾನೇ ತೂಗಿ ಬರೀಬೇಕಿತ್ತು." ಆಗ ಹೆಂಡತಿ ಚೀಲದಿಂದ ವಹಿ ತೆಗೆದು ಕೊಟ್ಟಳು. ಹದಿನೈದು ತಿಂಗಳ ಚುಕ್ಕಿಗಳು. ಡಾಕ್ಟರು ಪುಟ ತಿರುವಿ ತಿರುವಿ ನೋಡಿದರು.

ಅಲ್ಲಿಂದ ಕೆಲಸ ಬೇರೆ ಥರ ಶುರುವಾಯಿತು. ಸಕ್ಕರೆ, ಥೈರಾಯ್ಡ್, ಕಿಡ್ನಿ ಎಲ್ಲ ತಪಾಸಣೆ ಆಯಿತು. ಲಿಥಿಯಂ ಕಡಿಮೆ ಅಳತೆಯಲ್ಲಿ ಮತ್ತೆ ಬಂತು. ಹಸಿವು ತರುವ ಒಲಾಂಜಪಿನ್ ನಿಧಾನಕ್ಕೆ ಇಳಿಸುತ್ತ, ಅದರ ಜಾಗಕ್ಕೆ ಇನ್ನೊಂದು ತರುವುದು ಅಂತಾಯಿತು. ಸಕ್ಕರೆ ಕಾಯಿಲೆಗೆ ಕೊಡುವ ಒಂದು ಗುಳಿಗೆ, ತೂಕಕ್ಕೆ ಅಂತ, ಸೇರಿತು. ಉಪ್ಪು ಮನೆಯವರೆಲ್ಲ ತಿನ್ನುವಷ್ಟೇ, ದಿನಾ ಒಂದೇ ಸಮ. ಡ್ಯೂಟಿಯಲ್ಲಿ ಎರಡು ಬಾಟಲಿ ನೀರು ಜೊತೆಗೆ. ನಡಿಗೆ ಬಿಸಿಲು ಏರುವ ಮುಂಚೆ, ರೇನ್‌ಕೋಟಿಲ್ಲದೆ. ಊಟಕ್ಕೆ ಎರಡು ರೊಟ್ಟಿ, ತಟ್ಟೆ ತುಂಬ ಪಲ್ಲೆ, ಒಂದು ಬಟ್ಟಲು ಕಾಳು. ಗುಳಿಗೆ ನುಂಗಿ ಒಂದು ತಾಸಿಗೆ ಹಸಿವು ಬರುತ್ತಿತ್ತು. ಆ ಹೊತ್ತಿಗೆ ಒಂದು ಲೋಟ ಮಜ್ಜಿಗೆ ಕುಡಿದು ಮಲಗಿಬಿಡುವುದು. ಸಲೈನಿನಿಂದ ಎಂಬತ್ತೆರಡಕ್ಕೆ ಹೋಗಿದ್ದೆ. ಅಲ್ಲಿಂದ ಒಂದು ವಾರ ಅರ್ಧ ಕಿಲೋ ಇಳಿದರೆ ಎರಡು ವಾರ ಏನೂ ಇಲ್ಲ.

ಎರಡನೇ ತಿಂಗಳಲ್ಲಿ ಒಲಾಂಜಪಿನ್ ಕಾಲು ಭಾಗಕ್ಕೆ ಇಳಿಯಿತು. ಹಸಿವು ಸತ್ತಿತು. ಮತ್ತೂ ಒಂದು ಆಯಿತು. ಬೆಳಿಗ್ಗೆ ಮೂರಕ್ಕೇ ಎಚ್ಚರ, ಆದರೆ ದಣಿವಿಲ್ಲ. ಚಹಾಕ್ಕೆ ರುಚಿ ಬಂತು. ಮಗಳು ಸಾಲಿಯ ಪದ್ಯ ಹೇಳಿದಾಗ ನಿಜವಾಗಿ ನಗು ಬಂತು, ನಗಬೇಕು ಅಂತ ನಕ್ಕಿದ್ದಲ್ಲ. ಎಷ್ಟೋ ದಿನದ ಮೇಲೆ ಮೈಗೆ ರಕ್ತ ಬಂದ ಹಾಗಾಯಿತು. ನಾಲ್ಕು ದಿನ ಹಾಗಿತ್ತು. ನಾಲ್ಕನೇ ದಿನ ಸಂಜೆ ಒಂದು ಹಾಳೆಯ ಮೇಲೆ ಶಹಾಪುರದಿಂದ ಹತ್ತಿಕುಣಿಗೆ ಹೊಸ ಲೈನಿನ ನಕ್ಷೆ ಬರೆಯುತ್ತಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತಳು.

"ಎಷ್ಟ ತಾಸು ಮಲಗಿದ್ರಿ?"

"ಮೂರು."

"ನಿನ್ನಿ?"

"ಮೂರು. ಆದ್ರ ನಾ ಆರಾಮ ಅದೀನಿ."

"ನನಗ ಗೊತ್ತದರಿ ಆರಾಮ ಅದೀರಂತ," ಅಂದಳು. ಅವಳ ಕಣ್ಣಲ್ಲಿ ನೀರಿತ್ತು. "ನೀವು ನಕ್ಕಿದ್ದು ಕೇಳಿ ನನಗೂ ಖುಷಿ ಆತು. ನೀವ ಹೇಳ್ರಿ, ಏನ್ ಮಾಡೋಣು?"

ಅವಳು ಫೋನ್ ಮಾಡು ಅನ್ನಲಿಲ್ಲ. ನನಗೇ ಬಿಟ್ಟಳು. ನಾನು ನಕ್ಷೆ ನೋಡಿದೆ. ಅಷ್ಟು ಚೆಂದದ ನಕ್ಷೆ ಆರೋಗ್ಯವಾಗಿದ್ದಾಗ ನಾನು ಬರೆದಿರಲಿಲ್ಲ. ಡಾಕ್ಟರಿಗೆ ನಾನೇ ಫೋನ್ ಮಾಡಿ, ನಾಲ್ಕು ದಿನದಿಂದ ಮೂರು ತಾಸು ನಿದ್ದೆ ಅಂತ ಹೇಳಿದೆ. ಒಲಾಂಜಪಿನ್ ಅರ್ಧಕ್ಕೆ ವಾಪಸ್ ಹೋಯಿತು. ವಾರದಲ್ಲಿ ನಿದ್ದೆ ಬಂತು, ಚಹಾ ಮತ್ತೆ ಬಿಸಿನೀರಾಯಿತು, ತೂಕ ಎರಡು ಕಿಲೋ ಏರಿತು. ಅವಳು ಆ ಚುಕ್ಕಿಯನ್ನೂ ವಹಿಯಲ್ಲಿ ಇಟ್ಟಳು.

ಡಾಕ್ಟರು ಕೊಟ್ಟ ಪತ್ರ ಹಿಡಿದು ಆಫೀಸರರ ಹತ್ತಿರ ಹೋದೆ. ಕಾಮಣಿಯ ಸುಳ್ಳನ್ನೂ ಹೇಳಿದೆ. ಓದಿ ಪತ್ರ ಮಡಚಿ, "ಮೇಸ್ತ್ರಿ ಎಲ್ಲಾ ಹೇಳ್ಯಾರ," ಅಂದರು. "ನಿಮ್ಮನ್ನ ಸ್ಟೋರಿಗಿ ಬರಿಬ್ಯಾಡ್ರಿ ಅಂದಾರ. ಕೈ ನಡಗತದಂತ ತಾನೇ ಇಳದಾಂವ ನನ್ನ ಗ್ಯಾಂಗಿನ್ಯಾಗ ಇರ್ಲಿ ಅಂದಾರ." ಕೆಳಗಿನ ಕೆಲಸ ನನಗೆ ಬಂತು. ಲೈನ್ ಕ್ಲಿಯರ್ ತೆಗೆದುಕೊಳ್ಳುವುದು, ಸ್ವಿಚ್ ತೆರೆಯುವುದು, ಅರ್ಥಿಂಗ್ ಹಚ್ಚುವುದು, ಎಲ್ಲರೂ ಇಳಿದರಾ ಅಂತ ತಲೆ ಎಣಿಸಿ ಲೈನ್ ವಾಪಸ್ ಕೊಡುವುದು. ಎಂಟು ತಿಂಗಳಿಗೆ ನಾನು ಎಪ್ಪತ್ತೆಂಟಕ್ಕೆ ಬಂದು ನಿಂತಿದ್ದೆ. ಅರವತ್ತೆರಡು ಮತ್ತೆ ಬರಲಿಕ್ಕಿಲ್ಲ ಅಂದಿದ್ದಾರೆ ಡಾಕ್ಟರು.

ಒಂದು ದಿನ ಮತ್ತೆ ಸುರಪುರ ಕಡೆಯ ಕೆಲಸಕ್ಕೆ ಹೋಗಿ ಲೈನ್ ವಾಪಸ್ ಕೊಟ್ಟು ಫೋನ್ ಇಡುವಷ್ಟರಲ್ಲಿ ಆ ಆಪರೇಟರ್ ಹೆಣ್ಣುಮಗಳು "ಅಣ್ಣಾರ, ಒಂದ ಮಾತು" ಅಂದರು. ಅವರ ತಮ್ಮನಿಗೂ ಇದೇ ಕಾಯಿಲೆ. ಸುರಪುರದಲ್ಲಿ ಟೇಲರ್. ದಪ್ಪ ಆಗುತ್ತೇನೆ ಅಂತ ಗುಳಿಗೆ ಬಿಟ್ಟು ಎರಡು ವಾರ ಆಗಿತ್ತು. "ನಮ್ಮ ಮಾತು ಕೇಳವಲ್ಲ. ನೀವು ಬಂದು ಹೇಳ್ತೀರೇನು?"

ರವಿವಾರ ಹೋದೆ. ಅಂಗಡಿಯಲ್ಲಿ ಒಬ್ಬನೇ ಇದ್ದ, ಮೂವತ್ತರ ಆಸುಪಾಸು. ಯಾಕೆ ಬಂದೆ ಅಂತ ಅವನಿಗೆ ಗೊತ್ತಿತ್ತು. ಮಷಿನ್ ನಿಲ್ಲಿಸದೆ ಮಾತಾಡಿದ.

"ನಾ ಮಂದಿ ಅಳತಿ ತಗೊಳ್ಳಾಂವರಿ. ನನ್ನ ಅಂಗಿ ನಾನ ನಾಕು ಸಲ ಬಿಚ್ಚಿ ಹೊಲದೀನಿ. ಗಿರಾಕಿ ಮುಂದ ಟೇಪ್ ಹಿಡದು ನಿಂತ್ರ ಅವರು ನನ್ನ ಹೊಟ್ಟಿ ನೋಡ್ತಾರ."

ನಾನು ಬೋನಾಳದ್ದು ಹೇಳಿದೆ. ಈ ಮಂಗಳವಾರ ಶಹಾಪುರದ ಆಸ್ಪತ್ರೆಗೆ ನನ್ನ ಡಾಕ್ಟರು ಬರುತ್ತಾರೆ, ತೂಕದ ಮಾತು ಅವರಿಗೆ ಹೇಳಿದರೆ ಗುಳಿಗೆ ಬದಲಿಸಿ ನೋಡುತ್ತಾರೆ, ತಾನೇ ಬಿಡಬಾರದು ಅಂದೆ. ನನ್ನ ಚುಕ್ಕಿಗಳ ಲೆಕ್ಕ ಹೇಳಿದೆ. ಅವನು ಮಷಿನ್ ನಿಲ್ಲಿಸಿದ.

"ಖರೇ ಹೇಳ್ರಿ. ಈಗ ನಿಮಗ ಖುಷಿ ಅನಸತದೇನು?"

ಅವನ ಅಕ್ಕ ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಹೌದು ಅಂತ ಹೇಳಲೆಂದೇ ನನ್ನನ್ನು ಕರೆಸಿದ್ದರು.

"ಇಲ್ಲ," ಅಂದೆ. "ಭಾಳೇನೂ ಅನಸಂಗಿಲ್ಲ."

"ಮತ್ತ್ಯಾಕ ತಗೋತೀರಿ?"

"ನಾಕು ಮಂದಿ ಕಂಬದ ಮ್ಯಾಲ ಇದ್ದಾಗ ಕೆಳಗಿಂದ ಲೈನ್ ನನ್ನ ಕೈಯಾಗ ಇರತದ. ಅವರು ಮ್ಯಾಲ ಹೋಗೋಮುಂದ ನನ್ನ ಮಾರಿ ನೋಡಿ ಹೋಗ್ತಾರ. ಅದಕ್ಕ."

ಅವನು ಮಷಿನ್ ಮೇಲಿದ್ದ ಬಟ್ಟೆಯ ದಾರ ಹಲ್ಲಿನಿಂದ ಕಡಿದು, ಬಟ್ಟೆ ಮಡಚಿಟ್ಟ.

"ಮಂಗಳವಾರ ಎಷ್ಟ ಗಂಟೆಕ್ಕ ಬರತಾರ ಡಾಕ್ಟರು?"

"ಹತ್ತಕ್ಕ," ಅಂದೆ. "ಒಂಬತ್ತಕ್ಕ ಹೋಗಿ ಕುಂತ್ರ ಚೀಟಿ ಜಲ್ದಿ ಸಿಗತದ. ನಾ ಅಲ್ಲೇ ಇರತೀನಿ."